ರುಜು

ಪೀಣ್ಯ ಎರಡನೇ ಹಂತ. ರಾತ್ರಿ ಹನ್ನೊಂದೂ ಕಾಲು.
ಪರದೆಯ ಮೇಲೆ ಒಂದೇ ಸಾಲು:
ಬೇಕಾದ ಕೀಲಿ ಲಭ್ಯವಿಲ್ಲ.

ಪಂಪಿನ ರೋಟರು ತೂಗುವ ಯಂತ್ರ ಬಾಯಿ ಕಟ್ಟಿ ಕೂತಿದೆ.
ನಿನ್ನೆಯವರೆಗೂ ಅದರ ಮಾಡ್ಯೂಲು
ಮನೆಯ ಅಳಿಯನ ಹಾಗೆ, ಕೇಳದೆ ಕದ ತಳ್ಳಿ
ನೇರ ತಿರುಳಿಗೆ, ಕರ್ನಲಿನ ಅಡುಗೆಮನೆಗೇ ನಡೆಯುತ್ತಿತ್ತು.
ಇವತ್ತು ನಾನೇ ನಿಯಮ ಬಿಗಿದಿದ್ದೇನೆ:
ಸಹಿಯಿಲ್ಲದವರು ಹೊಸಿಲಾಚೆ.

ಫೋರ್‌ಮನ್ ಪುಟ್ಟಮಾದಯ್ಯ ಗೋಡೆಗೊರಗಿ
"ಒಂದು ರಾತ್ರಿ ಬಿಚ್ಚಿಡಿ ಮೇಡಂ, ಬೆಳಗ್ಗೆ ಲಾರಿ ಬರುತ್ತೆ" ಅಂದ.
ಒಂದು ರಾತ್ರಿಗೆಂದು ಬಿಚ್ಚಿಟ್ಟ ಬಾಗಿಲಿಗೆ
ಎಂದೂ ಬೆಳಗಾಗಿಲ್ಲ ಅಂತ ಹೇಳಲಿಲ್ಲ. ಕಾಫಿ ತರಿಸಿದೆ.

ಬರೆದವರು ಜಬೀವುಲ್ಲಾ ಸಾಹೇಬರು, ಹನ್ನೆರಡು ವರ್ಷದ ಕೆಳಗೆ.
ಈಗ ಗೋರಿಪಾಳ್ಯದಲ್ಲಿ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ.
ಫೋನೆತ್ತಿದರು.
"ನನ್ನ ಮುಖ ನೋಡಿ ಸಹಿ ಹಾಕಬೇಡ ತಾಯಿ.
ಓದು. ಆಮೇಲೆ ನಿನ್ನದೇ ಕೀಲಿ ಒತ್ತು."

ಓದಿದೆ.
ಒಂಬೈನೂರ ಹದಿನಾಲ್ಕು ಸಾಲು.
ಅಚ್ಚುಕಟ್ಟು ಕೈ; ಟಿಪ್ಪಣಿಗಳ ನಡುವೆ ಎರಡು ಕಡೆ ದಖನಿ ಬೈಗುಳ.
ಆರುನೂರ ಮೂರರಲ್ಲಿ ಮಾತ್ರ
ಹೊರಗಿನವರು ಹೇಳಿದ ಅಳತೆಯನ್ನು ಅಳೆಯದೆ ನಂಬಿದ್ದಾರೆ.
ಮನುಷ್ಯರೂ ಹಾಗೇ; ತಳ್ಳುಗಾಡಿಯವನ ತಕ್ಕಡಿಯತ್ತ
ಕಣ್ಣು ಹಾಯಿಸಿದವರಲ್ಲ.
ಎರಡು ಸಾಲು ಸೇರಿಸಿ ಬೇಲಿ ಹಾಕಿದೆ.

ಕಬ್ಬಿಣದ ಬೀರು ತೆಗೆದು ಕೀಲಿ ಹೊರತಂದೆ,
ಬೆರಳುದ್ದದ್ದು, ನೆಟ್‌ವರ್ಕಿನ ಗಾಳಿ ಸೋಕದ್ದು.
ರುಜು ಬಿತ್ತು. ಮತ್ತೆ ಅದೇ ಸಾಲು.
ಸಹಿ ಆದ ಮೇಲೆ ನನ್ನ ಹಳೇ ಸ್ಕ್ರಿಪ್ಟು ಅಭ್ಯಾಸಬಲದಿಂದ
ಫೈಲಿನ ಬೊಜ್ಜು ಕತ್ತರಿಸಿತ್ತು; ಬಾಲದಲ್ಲಿದ್ದ ಮೊಹರೂ ಕಸಕ್ಕೆ.
ನಗು ಬಂತು. ಮೊದಲು ಕತ್ತರಿ, ಆಮೇಲೆ ಮೊಹರು,
ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲಿನ ಪತ್ರಬರಹಗಾರನಿಗೂ ಗೊತ್ತು.

ಎರಡೂ ಮುಕ್ಕಾಲಿಗೆ ರೋಟರು ತಿರುಗಿತು.

ಋಜು ಎಂದರೆ ನೇರ, ರುಜು ಎಂದರೆ ಸಹಿ;
ಒಂದೇ ಹೊಟ್ಟೆಯ ಮಕ್ಕಳು,
ಒಂದೇ ಮನೆಯಲ್ಲಿರಬೇಕೆಂದಿಲ್ಲ.
ಯಾರ ಕೈ ಎಂದಷ್ಟೇ ಕೇಳುತ್ತದೆ ಕರ್ನಲು.
ಓದಿದೆಯಾ ಎಂದು ಕೇಳುವುದಿಲ್ಲ.
ನಾಳೆ ನಾನು ಓದದೆ ಒತ್ತಿದರೂ
ಇಷ್ಟೇ ವಿನಯದಿಂದ ಒಳಗೆ ಬಿಟ್ಟುಕೊಳ್ಳುತ್ತದೆ.

ಐದರ ಸುಮಾರಿಗೆ ಮೊದಲ ಮೆಟ್ರೊ
ತುಮಕೂರು ರಸ್ತೆಯ ಮೇಲೆ ಹಾದಾಗ
ಬೀರುವಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದೆ.
ಬರೆದವರು ಎಂಬಲ್ಲಿ ಇನ್ನೂ ಸಾಹೇಬರ ಹೆಸರೇ ಇದೆ.
ತಪ್ಪಾದರೆ ಮಾತ್ರ ನನ್ನದು.