ಒಂದೂವರೆ ಮೀಟರ್ ಪೈಪು

ಒಲೆ ಉರಿಯುವ ಮನೆ ನಮ್ಮದು.
ಶಿಡ್ಲಘಟ್ಟದಲ್ಲಿ ಬೆಳಗಾಗುವ ಮೊದಲೇ ಗೂಡು ಬೇಯುತ್ತದೆ,
ಚರಕ ತಿರುಗುತ್ತದೆ.
ಗೋಡೆಯಾಚೆ ಶೀಟಿನಡಿ ಅಬ್ಬಾನ ಫಿಯಟ್ಟು
ಹನಿಹನಿಯಾಗಿ ಸೋರುತ್ತ
ನೆಲಕ್ಕೆ ನವಿಲು ಬಣ್ಣದ ಕಲೆ ಹಾಕುತ್ತದೆ.

"ಮೊದಲು ತಳ್ಳಿ," ಅಂದ ಪಿಳ್ಳಣ್ಣ,
ಹಚ್ಚದ ಬೀಡಿ ಕಿವಿಗೆ ಸಿಕ್ಕಿಸಿ.
ನಾನು, ಅವನು, ಚರಕ ಬಿಟ್ಟು ಒದ್ದೆ ಕೈಯಲ್ಲೇ ಬಂದ ಮುನಿಯಾಂಜಿ
ಮೂರು ಮನೆ ದಾಟಿ, ಹಿಟ್ಟಿನ ಗಿರಣಿ ದಾಟಿ ತಳ್ಳಿದೆವು,
ಒಲೆಯ ಕಣ್ಣಿಗೆ ಬೀಳದ ಹೊಂಗೆ ಮರದಡಿಗೆ.

ಅಂಗಾತ ಮಲಗಿ ಒಳಗೆ ಜಾರಿದ.
ಸ್ವಲ್ಪ ಹೊತ್ತು ಬರೀ ಚಪ್ಪಲಿ ಕಾಣುತ್ತಿತ್ತು.
ಆಮೇಲೆ ಒಂದು ಕೈ ಹೊರಬಂತು,
ಕೈಯಲ್ಲಿ ಕರಿ ರಬ್ಬರಿನ ತುಂಡು:
ಬಗ್ಗಿಸಿದರೆ ಬಿರುಕೊಳಗೆ ಬಿರುಕು,
ಮಳೆಗಾಲದ ಬೆಲ್ಲದ ಹಾಗೆ ಬೆರಳಿಗೆ ಅಂಟು.
"ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸ್ತಾರಲ್ಲಮ್ಮ.
ಹಳೇ ಕಾಲದ ರಬ್ಬರು ಇದು,
ಈ ವಯಸ್ಸಲ್ಲಿ ಕುಡಿತ ಕಲಿಸಿದ್ರೆ ಕರುಳು ತಡೀತದಾ?"

ಟ್ಯಾಂಕು ಬರಿದಾಗಬೇಕು.
ಪೈಪಿನ ತುದಿ ಬಾಯಿಗಿಟ್ಟು ಎಳೆದು, ಥೂ ಅಂದು,
ಮಜ್ಜಿಗೆ ಕೇಳಿದ. ಮತ್ತೆ ಉಗಿದ.
ಅಬ್ಬಾ ಹೀಗೆ ಎಳೆದ ದಿನ
ಸಂಜೆಯವರೆಗೆ ಒಲೆಯ ಕಡೆ ಬರುತ್ತಿರಲಿಲ್ಲ,
ಉಸಿರಿಗೆ ಬೆಂಕಿ ಹತ್ತೀತೆಂಬ ಭಯ.
ಹೊರಗಿನಿಂದಲೇ ಕೈಸನ್ನೆಯಲ್ಲಿ ಊಟ ಕೇಳುತ್ತಿದ್ದರು,
ನಾವು ನಗುತ್ತಿದ್ದೆವು.

ಚಿಂತಾಮಣಿಯಿಂದ ತರಿಸಿದ ಹೊಸ ಪೈಪು ಮಾತ್ರ
ತಾಮ್ರದ ಮೂತಿಗೆ ಏರಲೊಲ್ಲದು.
ಕೂದಲೆಳೆಯಷ್ಟು ಇಕ್ಕಟ್ಟು.
ಸೋಪು ಹಚ್ಚಿದ, ಎಂಜಲು ಹಚ್ಚಿದ,
ಅಂಗಡಿಯವನ ತಾಯಿಯ ತನಕ ಹೋಗಿ ವಾಪಸು ಬಂದ.

ನಾನು ಮನೆಗೆ ನಡೆದು
ಗೂಡು ಬೇಯುವ ಬೇಸಿನ್ನಿಂದ ಒಂದು ಚೊಂಬು ನೀರು ತಂದೆ,
ಹೊಗೆಯಾಡುವ ನೀರು, ಮೇಲೆ ಎರಡು ಸತ್ತ ಹುಳ.
"ಏನಮ್ಮ ಇದು, ಸಾರು?"
ಉತ್ತರ ಕೊಡದೆ ಪೈಪಿನ ತುದಿ ಅದ್ದಿದೆ.
ಗಡಿಯಾರ ನೋಡಿ ಗೂಡು ಬೇಯಿಸುವವಳಿಗೆ
ಎಳೆ ಸಿಗುವುದಿಲ್ಲ ಅನ್ನುತ್ತಾಳೆ ಅಮ್ಮೀ.
ಬೆರಳ ತುದಿ ಹೇಳಬೇಕು. ನನ್ನ ಬೆರಳು ಬಿಸಿಗೆ ಸತ್ತು
ಇಪ್ಪತ್ತು ವರ್ಷ, ಆದರೂ ಹದ ಮಾತ್ರ ಅದಕ್ಕೇ ಗೊತ್ತು.
ಈಗ, ಅಂದಿತು.
ಹೊರತೆಗೆದು ಜಾಡಿಸಿ, ಒಂದು ತೊಟ್ಟೂ ಉಳಿಯದಂತೆ ಊದಿ
ತಿರುಗಿಸುತ್ತ ಒತ್ತಿದೆ.
ಬಳೆಗಾರನ ಕೈಯಲ್ಲಿ ಬಳೆ ಏರುವ ಹಾಗೆ
ಗಂಟು ದಾಟಿ ಕೂತಿತು.

ಪಿಳ್ಳಣ್ಣ ಏನೂ ಹೇಳಲಿಲ್ಲ.
ಕ್ಲಿಪ್ಪು ಬಿಗಿದ, ಪಂಪಿನ ಪುಟ್ಟ ಸನ್ನೆ ಟುಕ್ ಟುಕ್ ಒತ್ತಿದ,
ಇನ್ನೊಂದು ತುದಿ ನನ್ನ ಕೈಗೇ ಕೊಟ್ಟ.

ಮೂರನೇ ಸಲಕ್ಕೆ ಕೆಮ್ಮಿ ಎದ್ದಿತು ಗಾಡಿ.

ದಿಬ್ಬೂರಹಳ್ಳಿ ರಸ್ತೆಯಲ್ಲಿ ಒಂದು ಸುತ್ತಿಗೆ
ಅಮ್ಮೀ ಹಿಂದಿನ ಸೀಟಿಗೆ ಬಂದು ಕೂತಳು,
ಅಂಗೈಯಲ್ಲಿ ನಿಂಬೆಹಣ್ಣು.
ರೇಷ್ಮೆ ಲಡಿಯ ಗಂಟು ತೊಡೆಯ ಮೇಲಿಟ್ಟು
ಬೆಂಗಳೂರಿಗೆ ಹೋದಷ್ಟೂ ಸಲ
ಮೂಗಿಗೆ ಹಿಡಿದಿರುತ್ತಿದ್ದ ನಿಂಬೆಹಣ್ಣು.
ಇವತ್ತೂ ಹಿಡಿದಳು. ಇಳಿಸಿದಳು.
ಸೀಟು ಮೂಸಿ ನೋಡಿದಳು.
"ಯಾರ ಗಾಡಿ ಇದು?"
"ನಮ್ಮದೇ ಅಮ್ಮೀ. ಸೋರೋದು ನಿಂತಿದೆ, ಅಷ್ಟೇ."
"ಹಾಗಾದ್ರೆ ಆಗಿನಿಂದಲೂ ಸೋರ್ತಾನೇ ಇತ್ತಾ?
ನಾನು ಗಾಡಿ ಅಂದ್ರೇ ಹಾಗೆ ಅಂದ್ಕೊಂಡಿದ್ದೆ."
ಗಿರಣಿ ಬರುವವರೆಗೆ ಮಾತಿಲ್ಲ.
ಆಮೇಲೆ, ನನಗಲ್ಲ, ಕಿಟಕಿಗೆ ಎಂಬಂತೆ:
"ನಿಮ್ಮಬ್ಬಾ ಅತ್ತರು ಹಚ್ಚಿದರೂ ಅದೇ ವಾಸನೆ ಬರ್ತಿತ್ತು."

ನಿಂಬೆಹಣ್ಣು ಪಿಳ್ಳಣ್ಣನ ಸೋಡಾಕ್ಕೆ ಹೋಯಿತು.
ಮಿಕ್ಕ ಗೇಣುದ್ದ ಪೈಪು ಬೇಸಿನ್ನಿನ ನಲ್ಲಿಗೆ.
ಅಲ್ಲಿಗೂ ಇಕ್ಕಟ್ಟೇ. ಮತ್ತೆ ಅದ್ದಬೇಕಾಯಿತು.