ಹೊಸ ಸೈಲೆನ್ಸರ್

ಹೆಸರು ಸೈಲೆನ್ಸರ್. ಕೊಂಡದ್ದು ಗುಡುಗಲೆಂದು.
ಮೂರು ತಿಂಗಳ ಓವರ್‌ಟೈಮ್ ದುಡ್ಡು
ಉದ್ದನೆ ರಟ್ಟಿನ ಪೆಟ್ಟಿಗೆಯಲ್ಲಿ ಬಂದು
ಅಡುಗೆಮನೆ ಮೇಜಿನ ಮೇಲೆ ಒಂದು ವಾರ ಮಲಗಿತ್ತು;
ಪಕ್ಕಕ್ಕೆ ತಟ್ಟೆ ಸರಿಸಿಕೊಂಡು ಉಂಡೆವು.
ವೆಂಡೆಲ್ ಆಗಾಗ ಅದರ ಬಾಯೊಳಗೆ ಇಣುಕುತ್ತಿದ್ದ,
ಬಾವಿಗೆ ಕೊಡ ಬೀಳಿಸಿಕೊಂಡವನ ಹಾಗೆ.

ಮಾರ್ಚ್, ಶನಿವಾರ, ಬೆಳಗಿನ ಐದು.
ಈರಿ ಸರೋವರ ತನ್ನ ಮಂಜುಗಡ್ಡೆಯನ್ನು
ಇನ್ನೂ ಬಿಟ್ಟುಕೊಟ್ಟಿರಲಿಲ್ಲ.
ಹದಿನೇಳು ವರ್ಷದ ಸುಬಾರು
ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿತ್ತು,
ಲಂಗ ಎತ್ತಿ ಹಳ್ಳ ದಾಟುವ ಅಜ್ಜಿಯಂತೆ.
ಅಣ್ಣ ಹಳೆ ಕಾರ್ಪೆಟ್ ಹಾಸಿ ಅಡಿಗೆ ನುಸುಳಿದ.
ನನ್ನ ಕೆಲಸ ಟಾರ್ಚ್.
ಅಲ್ಲಲ್ಲ, ಇಲ್ಲಿ. ಇಲ್ಲಲ್ಲ, ಅಲ್ಲಿ.
ನನ್ನ ಕಣ್ಣಿಗಲ್ಲ ಮಾರಾಯ್ತಿ, ಬೋಲ್ಟಿಗೆ.

ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಇಲ್ಲಿ ಬೋಲ್ಟು ಉಪ್ಪು ತಿಂದಿಲ್ಲ,
ಉಪ್ಪೇ ಬೋಲ್ಟನ್ನು ತಿಂದಿದೆ.
ಚಳಿಗಾಲ ಚಳಿಗಾಲವೂ ನಗರಸಭೆಯ ಲಾರಿ
ಹಿಮ ಕರಗಲೆಂದು ರಸ್ತೆಗೆ ಎರಚಿದ್ದು
ಕೆಳಗಿನಿಂದ ಮೇಯುತ್ತಾ ಬಂದು
ಹದಿನಾಲ್ಕರ ತಲೆ ಈಗ
ಹದಿಮೂರೂ ಅಲ್ಲ, ಹನ್ನೆರಡೂ ಅಲ್ಲ.
ಎಣ್ಣೆ ಚಿಮುಕಿಸಿ ಕಾದೆವು. ಬೆಂಕಿ ಹಿಡಿದು ಕಾದೆವು.
ಸ್ಪ್ಯಾನರಿನ ಹಿಡಿಗೆ ಕೊಳಾಯಿ ಪೈಪು ತೂರಿಸಿ
ಕಾಲು ಒದ್ದುಕೊಟ್ಟು ಜಗ್ಗಿದ.
ಟಕ್.
ಸಡಿಲಾದ ಸದ್ದೋ, ಮುರಿದ ಸದ್ದೋ,
ಒಂದು ಗಳಿಗೆ ಇಬ್ಬರೂ ಕೇಳಿಕೊಳ್ಳಲಿಲ್ಲ.
ಮುರಿದದ್ದೇ.

ಆಮೇಲಿನದೆಲ್ಲ ಡ್ರಿಲ್ಲು, ಬೈಗುಳ, ತುಕ್ಕಿನ ಪುಡಿ,
ರಬ್ಬರ್ ಕಿವಿಗಳಿಗೆ ಪಾತ್ರೆ ತೊಳೆಯುವ ಸೋಪು.
ಹಳೆಯದು ಕೊನೆಗೆ ತಾನಾಗೇ ಕಳಚಿ
ಎದೆಯ ಮೇಲೆ ಬಿತ್ತು; ಅಪ್ಪಿಕೊಂಡೇ
ತೆವಳಿ ಹೊರಬಂದ, ಹುಬ್ಬಿನ ತನಕ ಕೆಂಪು.
ಅಲುಗಿಸಿದರೆ ಒಳಗೆ ಏನೋ ಗಿಲಿಗಿಲಿ.
ನಮ್ಮ ಅಮ್ಮ ಓಡಿಸಿದ ಕಾಲದ್ದು, ಅಂದೆ.
ಗುಜರಿಗೆ, ಅಂದ. ಆದರೂ ಬಿಸಾಡಲಿಲ್ಲ,
ಗೋಡೆಗೆ ಒರಗಿಸಿಟ್ಟ.
ಹೊಸದು ಕೂರಲು ಹತ್ತೇ ನಿಮಿಷ,
ಮೊದಲೇ ಕುದುರಿದ ಸಂಬಂಧದಂತೆ.

ಒಂಬತ್ತೂವರೆ. ಜಾಕ್ ಇಳಿಸಿಯಾಗಿದೆ,
ಕೀಲಿ ಕೈಯಲ್ಲಿ, ಅವನ ಒಂದು ಕಾಲು ಒಳಗೆ.
ಎದುರು ಮನೆಯ ಪರದೆ ಆಗಷ್ಟೇ ಇಳಿಯಿತು.
ಬರ್ನಡೆಟ್ ಕೊವಾಲ್. ಆಸ್ಪತ್ರೆಯ ರಾತ್ರಿ ಪಾಳಿ.
ಬಾಗಿಲಿಗೆ ಅಂಟಿಸಿದ ಚೀಟಿ:
ಹಗಲು ಮಲಗುತ್ತೇನೆ, ಬೆಲ್ ಒತ್ತಬೇಡಿ.
ಅಪ್ಪನ ಕೊನೆಯ ರಾತ್ರಿ, ನಾವು ತಲುಪುವ ತನಕ
ಅವನ ತುಟಿಗೆ ಐಸಿನ ಚೂರು ಸವರುತ್ತಾ ಕೂತವಳು.
ಇದನ್ನು ಅಣ್ಣ ಹೇಳಲಿಲ್ಲ, ನಾನೂ ಹೇಳಲಿಲ್ಲ.
ಕೀಲಿ ಜೇಬಿಗೆ ಹೋಯಿತು.
"ನ್ಯೂಟ್ರಲ್‌ಗೆ ಹಾಕು," ಅಂದ.

ನಮ್ಮ ಬೀದಿ ರೈಲುಹಳಿಯ ತನಕ ಇಳಿಜಾರು.
ಕಳ್ಳಬೆಕ್ಕಿನ ಹಾಗೆ ಹೊರಟಿತು ಕಾರು,
ಟೈರಿನಡಿ ಜಲ್ಲಿ ಚಟ್ಟೆಂದರೂ ನಾವು ಬೆಚ್ಚುತ್ತಾ.
ಗೇಟಿನ ಹತ್ತಿರ ನಿಂತೆವು. ಫ್ಲಾಸ್ಕಿನಲ್ಲಿ ತಣ್ಣಗಾದ ಕಾಫಿ.
ಹತ್ತೂ ಹತ್ತಕ್ಕೆ ಗೂಡ್ಸ್ ಬಂತು,
ಕಲ್ಲಿದ್ದಲೋ ಜೋಳವೋ, ನೂರಕ್ಕೂ ಮೇಲೆ ಡಬ್ಬಿ,
ಕಾಲಡಿಯ ನೆಲವೇ ಜರಡಿಯಾಡಿತು.
ಆಗ ತಿರುಗಿಸಿದ ಕೀಲಿ.

ನಾನು ಹಿಂದೆ ಬಗ್ಗಿ
ಕೈಗೆಟುಕಿದ ಬೆಸುಗೆಯ ಹತ್ತಿರ ಅಂಗೈ ಹಿಡಿದೆ:
ಎಲ್ಲೂ ಗಾಳಿ ಸೋರುತ್ತಿಲ್ಲ.
ಕೊಳವೆಯ ತುದಿಯಲ್ಲಿ ಬಿಳಿ ಹೊಗೆ, ನಾಲ್ಕು ಹನಿ ನೀರು.
ಅಣ್ಣ ಕಿಟಕಿಯಿಂದ ತಲೆ ಹಾಕಿ
ಬಾಯಿ ಅಗಲಿಸಿ ಏನೋ ಕೇಳಿದ.
ಹೇಗಿದೆ? ಎಂದಿರಬೇಕು.
ಹೆಬ್ಬೆರಳು ಎತ್ತಿದೆ.
ಮೂರು ತಿಂಗಳ ಗುಡುಗು
ನನಗೆ ಒಂದು ಚೂರೂ ಕೇಳಿರಲಿಲ್ಲ.

ಕೊನೆಯ ಡಬ್ಬಿಗೆ ಮೊದಲೇ ಆರಿಸಿದ.
ಹಳಿ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು.
ಇಬ್ಬರೂ ತಿರುಗಿ ಬಂದ ದಾರಿ ನೋಡಿದೆವು.
ಇಳಿಯುವಾಗ ಅದು ಏರು ಎಂದು
ಯಾರಿಗೂ ಹೊಳೆದಿರಲಿಲ್ಲ.