ಕಿವಿಯಣಬೆ

ಆರಕ್ಕೇರದೆ ಮೂರಕ್ಕಿಳಿದಿತ್ತು ಆ ವಾರ ಸಿಗಡಿಯ ಬೆಲೆ.
ಬಿಲಾಕ್ಸಿಯ ಕಟ್ಟೆಯಲ್ಲಿ ಮಾರದೆ ಮರಳಿ ತಂದ
ಲುವಾನ್ ಮಾವ, ಎರಡು ಪೆಟ್ಟಿಗೆ, ಐಸಿನ ಸಮೇತ
ಕಾರು ನಿಲ್ಲಿಸುವ ಚಪ್ಪರದಡಿ ಇಳಿಸಿ
"ಕೊಳೆಯೋದಕ್ಕಿಂತ ಕರಿಯೋದು ಮೇಲು" ಅಂದ.

ಓರ್ವಿಲ್‌ನ ಮಗಳಿಗೆ ನಾಳೆ ಮದುವೆ.
ಹತ್ತೊಂಬತ್ತು ವರ್ಷ ಮಾವನ ದೋಣಿಯಲ್ಲಿ ಬಲೆ ಎಳೆದವನು
ಉಡುಗೊರೆ ಬೇಡ ಅಂದಿದ್ದಾನೆ, ಎಗ್‌ರೋಲ್ ಬೇಕಂತೆ,
ಇನ್ನೂರು.
ಹೆಸರಿಗಷ್ಟೇ ಮೊಟ್ಟೆ; ಒಳಗೆ ಹುಡುಕಿದರೆ ಸಿಗದು,
ಅಂಚಿಗೆ ಬೆರಳಲ್ಲಿ ಸವರುವ ಅಂಟು ಅದು.

ಆರನೆಯತ್ತೆ ಬಂದಳು, ತನ್ನದೇ ಮಣೆ, ತನ್ನದೇ ಮಚ್ಚು ಹಿಡಿದು.
ಹುಟ್ಟಿದ್ದು ಐದನೆಯವಳಾಗಿ. ನಮ್ಮಲ್ಲಿ ಲೆಕ್ಕ ಎರಡರಿಂದ ಶುರು,
ಚೊಚ್ಚಲನ್ನು ಒಂದು ಅಂದರೆ ದೆವ್ವದ ಕಣ್ಣು ಬೀಳುತ್ತದೆ.
ಖ್ವೇ ಎಂಬ ಹೆಸರು ಪಾಸ್‌ಪೋರ್ಟಿಗೆ ಮಾತ್ರ ಗೊತ್ತು.

ಹಂದಿಯ ಭುಜದ ಮಾಂಸ, ಕೊಬ್ಬಿರಲಿ, ಕೈಯಲ್ಲೇ ಕೊಚ್ಚು.
ಸಿಗಡಿ ಅರೆಯಬೇಡ, ಹಲ್ಲಿಗೆ ಸಿಗಬೇಕು.
ಏಡಿಯ ಎಳೆ ಬಿಡಿಸು; ಚಿಪ್ಪಿನ ಚೂರು ಉಳಿದರೆ
ಮದುವೆಮನೆಯಲ್ಲಿ ಮುರಿದ ಹಲ್ಲು ನಿನ್ನ ಲೆಕ್ಕಕ್ಕೆ.
ಗಡ್ಡೆ ತುರಿದು ಹಿಂಡು, ನೀರು ಒಂದು ತೊಟ್ಟೂ ಇರಬಾರದು.
ನೆನೆದ ಶ್ಯಾವಿಗೆ, ಗಾಜಿನ ಕೂದಲು.
ಈರುಳ್ಳಿ, ಮೆಣಸು, ಮೀನಿನ ರಸ.
ಕೊನೆಗೆ ಕಪ್ಪು ಕಿವಿಯಣಬೆ,
ಬಿಸಿನೀರಲ್ಲಿ ಅರಳಿ, ಯಾರೋ ಬಾಗಿಲಾಚೆ ನಿಂತು
ಕದ್ದು ಕೇಳುತ್ತಿರುವ ಹಾಗೆ.

ಊರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು:
ಹೋದ ಚಳಿಗಾಲ ಬಂದ ಜ್ವರ ಹೋಗುವಾಗ
ಅವಳ ಮೂಗನ್ನೂ ನಾಲಿಗೆಯನ್ನೂ ಜತೆಗೇ ಒಯ್ದಿತ್ತು.
ಮೀನಿನ ರಸವೂ ನೀರೇ, ಮೆಣಸೂ ಮರಳೇ.
ಇಗರ್ಜಿಯ ಹೆಂಗಸರು ಈಗಲೂ ಅನ್ನುತ್ತಾರೆ,
"ಕೈಗುಣ ಅಂದರೆ ಅವಳದ್ದು."
ಅವಳು ನಗುತ್ತಾಳೆ, ಒಂದು ಚಿಟಿಕೆ ಜಾಸ್ತಿ.

ಹೂರಣದ ಒಂದು ಗೋಲಿ ಕರಿದು ನನ್ನ ಬಾಯಿಗಿಟ್ಟಳು.
"ಹೇಗಿದೆ?"
"ಸರಿಯಾಗಿದೆ."
"ಸುಳ್ಳು. ಎರಡು ಸಲ ನುಂಗಿದೆ ನೀನು. ಉಪ್ಪು ಹೆಚ್ಚಾಗಿದೆ."
ಇನ್ನೊಂದು ಗಡ್ಡೆ ತುರಿದಳು.

ಒದ್ದೆ ಟವೆಲ್ಲಿನಡಿಯಿಂದ ಒಂದೊಂದೇ ಹಾಳೆ ಬಿಡಿಸಿ
ಮೂಲೆ ಎದೆಯತ್ತ ತಿರುಗಿಸಿ, ಮಡಿಸಿ, ಉರುಳಿಸಿ.
ಬಿಗಿದರೆ ಸಿಡಿಯುತ್ತದೆ, ಬಿಟ್ಟರೆ ಎಣ್ಣೆ ಕುಡಿಯುತ್ತದೆ.
"ಎಳೆಗೂಸಿಗೆ ಬಟ್ಟೆ ಸುತ್ತಿದ ಹಾಗೆ" ಅಂದಳು,
ಹೆರದ ನನಗೆ, ಹೆರದ ಅವಳು.
ನನ್ನವು ದಿಂಬಿನಂತೆ ಉಬ್ಬಿಕೊಂಡವು.
ಮಾವನವು ಒಂದಕ್ಕೊಂದು ಅವಳಿ, ಬಲೆ ಹೆಣೆದ ಬೆರಳು.

ಎಣ್ಣೆಯ ಮುಂದೆ ಕಣ್ಣು ಮುಚ್ಚಿ ನಿಂತಳು.
ಮೊದಲು ಒದ್ದೆ ಸದ್ದು, ಕಟ್ಟೆಯ ಮೇಲೆ
ಎಲ್ಲರೂ ಒಟ್ಟಿಗೇ ಬೆಲೆ ಕೂಗುವ ಗದ್ದಲ.
ಆಮೇಲೆ ನೀರು ಆರುತ್ತಾ ಆರುತ್ತಾ
ಗಿರಾಕಿಗಳು ಒಬ್ಬೊಬ್ಬರೇ ಮನೆಗೆ ಹೋದರು.
ಉಳಿದದ್ದು ಒಣ ಎಲೆಯ ಪಿಸುಮಾತು.
"ಈಗ."
ತೆಗೆದೆ. ಜೇನಿನ ಬಣ್ಣ.

"ಎಲ್ಲಿ ಕಲಿತೆ ಇದನ್ನ?"
"ಬರುವಾಗ, ದೋಣಿಯಲ್ಲಿ. ದೀಪ ಆರಿಸಿ, ಎಂಜಿನ್ ನಿಲ್ಲಿಸಿ
ಐದು ರಾತ್ರಿ ಕೂತಿದ್ದೆವು, ಮಕ್ಕಳ ಬಾಯಿಗೆ ಕೈಯಿಟ್ಟು.
ದೂರದ ಬೋಟು ಹತ್ತಿರ ಬರ್ತಿದೆಯೋ
ಹೋಗ್ತಿದೆಯೋ...
ಮುಂದಿನದು ಹಾಕು, ಎಣ್ಣೆ ಕಾದಿದೆ."

ಜರಡಿಯಲ್ಲಿ ನೆಟ್ಟಗೆ ನಿಲ್ಲಿಸಿದೆವು, ಎಣ್ಣೆ ಇಳಿಯಲೆಂದು.
ಒಂದು ಸಿಡಿದಿತ್ತು, ನನ್ನದೇ.
ಅವಳು ಅದನ್ನೆತ್ತಿಕೊಂಡು, ಪುದೀನ ಇಲ್ಲ, ಸೊಪ್ಪಿಲ್ಲ,
ಬರಿದೇ ಕಚ್ಚಿದಳು.
ಕರುಂ.
ತಲೆ ಓರೆ ಮಾಡಿ ಕೇಳಿದಳು.
ಇನ್ನೊಮ್ಮೆ ಕಚ್ಚಿದಳು, ಈ ಸಲ ನಿಧಾನಕ್ಕೆ,
ಒಳಗಿನ ಕಿವಿಯಣಬೆ ಹಲ್ಲಿನಡಿ ಕಟುಕ್ಕೆನ್ನುವವರೆಗೆ.

ಮಿಕ್ಕಿದ್ದನ್ನು ಎಣಿಸಿದರೆ ನೂರಾ ತೊಂಬತ್ತೊಂಬತ್ತು.
ಹಾಳೆ ಮುಗಿದಿದೆ, ಅಂಗಡಿ ಮುಚ್ಚಿದೆ,
ಹೂರಣ ಇನ್ನೂ ಅರ್ಧ ಬಟ್ಟಲು.
ನಾನು ತಲೆ ಮೇಲೆ ಕೈಹೊತ್ತು ಕೂತೆ.

ಮಚ್ಚು ತೊಳೆಯುತ್ತಿದ್ದ ಆರನೆಯತ್ತೆ ತಿರುಗಲೂ ಇಲ್ಲ.
"ಎರಡರಿಂದ ಎಣಿಸು" ಅಂದಳು.